ಮಹಾಪ್ರಬಂಧಕ್ಕೆ ಚೀಟಿ ಬರೆಯುವ ವಿದ್ಯೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸಂಶೋಧಕರಿಗೆ ಎಂದೂ ಕೆಲಸ ತಪ್ಪಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಗಾರರ ಸಾಲ, ಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆ, ಹರಾಜು ಮಾರುಕಟ್ಟೆಯ ದರ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳು, 1974ರಲ್ಲಿ ಮುಗಿದ ಕಬಿನಿ ಜಲಾಶಯಕ್ಕೆ ಮನೆಮಠ ಬಿಟ್ಟವರು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆಯಿಂದ ಹೊರಬಂದವರು. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟನ್ನರು. ಕೆ.ಆರ್. ನಗರದ ಕಡೆ ಕಾವೇರಿಯ ನಾಲೆ, ಭತ್ತ, ಚುಂಚನಕಟ್ಟೆಯ ಜಾತ್ರೆ. ಒಂದೊಂದೂ ಒಬ್ಬ ವಿದ್ಯಾರ್ಥಿಯ ನಾಲ್ಕೈದು ವರ್ಷದ ದುಡಿಮೆಗೆ ಸಾಲುವ ವಿಷಯ.

ಹೀಗೆ ದುಡಿದು ಬರೆದದ್ದನ್ನು ಪಿಎಚ್.ಡಿ. ಪದವಿಗೆ ಒಪ್ಪಿಸುತ್ತಾರೆ. ಅದೇ ಮಹಾಪ್ರಬಂಧ. ಗಟ್ಟಿ ರಟ್ಟು, ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಮಾಡಿಸುವುದು ಬೆರಳೆಣಿಕೆಯ ಪ್ರತಿ. ಒಂದು ಪರೀಕ್ಷಕರಿಗೆ, ಒಂದು ಮಾರ್ಗದರ್ಶಕರಿಗೆ, ಒಂದು ವಿಭಾಗಕ್ಕೆ, ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಗ್ರಂಥಾಲಯದ ಪ್ರತಿ ಕಪಾಟು ಸೇರುತ್ತದೆ. ಅದನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಸರಗೂರಿನ ಕಾಲೇಜು ಉಪನ್ಯಾಸಕರೊಬ್ಬರಿಗೆ ತಮ್ಮ ಊರಿನ ಬಗ್ಗೆಯೇ ಬರೆದ ಮಹಾಪ್ರಬಂಧ ಬೇಕೆಂದರೆ ಬಸ್ಸು ಹತ್ತಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಬರಬೇಕಿತ್ತು. ಅದಕ್ಕೂ ಮೊದಲು, ಅಂಥದ್ದೊಂದು ಇದೆ ಎಂದು ಯಾರಾದರೂ ಅವರಿಗೆ ಹೇಳಿರಬೇಕಿತ್ತು. ಇಂಥದ್ದು ಇದೆಯೆಂದೇ ಗೊತ್ತಾಗದೆ ಅದೇ ಹಾಡಿಯಲ್ಲಿ ಅದೇ ಪ್ರಶ್ನಾವಳಿ ಹಿಡಿದು ಮತ್ತೊಬ್ಬರು ಹೋಗುವುದೂ ಆಗುತ್ತಿತ್ತು.

ಈ ತೊಡಕನ್ನು ಬಿಡಿಸಲು 2000ದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದಲ್ಲಿ ಒಂದು ಕೆಲಸ ಶುರುವಾಯಿತು. ಅದರ ಹೆಸರು ವಿದ್ಯಾನಿಧಿ. ಕಟ್ಟಿದವರು ಅಲ್ಲಿನ ಪ್ರಾಧ್ಯಾಪಕಿ ಶಾಲಿನಿ ಅರಸ್. ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳನ್ನು ಗಣಕಕ್ಕೆ ತಂದು, ಯಾರು ಎಲ್ಲಿಂದ ಬೇಕಾದರೂ ಹುಡುಕುವಂತೆ ಮಾಡುವ ಮೊದಮೊದಲ ಯತ್ನಗಳಲ್ಲಿ ಅದೂ ಒಂದು. ಮೊದಲ ನೆರವು ಕೇಂದ್ರ ಸರ್ಕಾರದ ನಿಸ್ಸಾಟ್ ಯೋಜನೆಯಿಂದ ಬಂತು. ಮುಂದೆ ಫೋರ್ಡ್ ಫೌಂಡೇಶನ್, ಮೈಕ್ರೋಸಾಫ್ಟ್ ಕೈಜೋಡಿಸಿದವು.

ಇದಕ್ಕೂ ಮೊದಲೇ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯ 1997ರ ಜನವರಿಯಿಂದ ತನ್ನ ವಿದ್ಯಾರ್ಥಿಗಳೆಲ್ಲ ಮಹಾಪ್ರಬಂಧವನ್ನು ಗಣಕದ ಕಡತವಾಗಿಯೇ ಒಪ್ಪಿಸಬೇಕೆಂದು ಕಡ್ಡಾಯ ಮಾಡಿತ್ತು. ಅಲ್ಲಿಂದಲೇ ಮಹಾಪ್ರಬಂಧಗಳ ಅಂತರರಾಷ್ಟ್ರೀಯ ಒಕ್ಕೂಟವೊಂದು ಬೆಳೆಯಿತು. ಶಾಲಿನಿ ಅರಸ್ ಫುಲ್‌ಬ್ರೈಟ್ ವಿದ್ವಾಂಸರಾಗಿ ಅಲ್ಲಿದ್ದು ಕೆಲಸವನ್ನು ಹತ್ತಿರದಿಂದ ಕಂಡರು. ಮುಂದೆ ಆ ಒಕ್ಕೂಟದ ಆಡಳಿತ ಮಂಡಳಿಯಲ್ಲೂ ಕೂತರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಫ್ರಿಕಾದಲ್ಲೂ ಇದೇ ಚಿಂತೆ. ಕಂಪಾಲದ ಮಹಾಪ್ರಬಂಧ ಪಕ್ಕದ ನೈರೋಬಿಯವರಿಗೆ ಕಾಣದು, ಆಫ್ರಿಕಾದ ಬಗ್ಗೆ ಆಫ್ರಿಕಾದವರೇ ಬರೆದದ್ದು ಆಫ್ರಿಕಾದಲ್ಲೇ ಸಿಗದು ಎಂಬ ಸ್ಥಿತಿ. ಘಾನಾದ ಅಕ್ರಾದಲ್ಲಿ ಕಚೇರಿ ಇರುವ ಆಫ್ರಿಕನ್ ವಿಶ್ವವಿದ್ಯಾನಿಲಯಗಳ ಸಂಘವು ಖಂಡದ ಮಹಾಪ್ರಬಂಧಗಳಿಗೆಂದು ಒಂದು ಮಾಹಿತಿಕೋಶವನ್ನೇ ಕಟ್ಟಿತು. ನಮ್ಮ ತಂತ್ರಜ್ಞಾನದ ನಾಯಕರೆಂದರೆ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು ಎಂದಷ್ಟೇ ಎಣಿಸುವ ರೂಢಿ ಇದೆ. ಇಂಥ ಕೋಶ ಕಟ್ಟಿದವರ ಹೆಸರು ಆ ಪಟ್ಟಿಗೆ ಸೇರುವುದು ಅಪರೂಪ. ಕೆಲಸ ಹೇಗೆ ನಡೆಯುತ್ತದೆಂದು ನೋಡಿದವರಿಗೆ ಅದು ಅನ್ಯಾಯ ಅನಿಸದೆ ಇರದು.

ಹಳೆಯ ಮಹಾಪ್ರಬಂಧವೊಂದು ಕಪಾಟಿನಿಂದ ಇಳಿದು ಪರದೆಯ ಮೇಲೆ ಬರುವ ಬಗೆ ಹೀಗೆ.

ಮೊದಲು ಪುಟ ಎಣಿಸಬೇಕು. ಮಹಾಪ್ರಬಂಧದಲ್ಲಿ ಪುಟಸಂಖ್ಯೆ ನೇರ ಹೋಗುವುದಿಲ್ಲ. ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿಗೆ ಒಂದು ಎಣಿಕೆ, ಅಧ್ಯಾಯಗಳಿಗೆ ಇನ್ನೊಂದು. ನಡುವೆ ಮಡಚಿಟ್ಟ ನಕಾಶೆ, ಅಂಟಿಸಿದ ಫೋಟೊ, ಎಣಿಕೆಗೆ ಸೇರದ ಕೋಷ್ಟಕ. ಯಾವ ಹಾಳೆ ಇದೆ, ಯಾವುದು ಹಾರಿಹೋಗಿದೆ, ಯಾವುದು ತಲೆಕೆಳಗಾಗಿ ಹೊಲಿಗೆಗೆ ಬಿದ್ದಿದೆ ಎಂದು ಗುರುತು ಮಾಡಿಕೊಳ್ಳದೆ ಸ್ಕ್ಯಾನರ್ ಮುಟ್ಟುವಂತಿಲ್ಲ. ಆಮೇಲೆ ಗೊತ್ತಾದರೆ ಇಡೀ ಕಡತದ ಎಣಿಕೆ ಹಿಂದುಮುಂದಾಗುತ್ತದೆ.

ಆಮೇಲಿನ ಪ್ರಶ್ನೆ ಹೊಲಿಗೆ ಬಿಚ್ಚುವುದೋ ಬೇಡವೋ ಎಂಬುದು. ಬಿಚ್ಚಿದರೆ ಹಾಳೆ ಸಪಾಟಾಗಿ ಕೂರುತ್ತದೆ, ಕೆಲಸ ಬೇಗ ಸಾಗುತ್ತದೆ. ಪ್ರತಿ ಮಾತ್ರ ಮತ್ತೆ ಮೊದಲಿನಂತಾಗದು. ಒಂದೇ ಪ್ರತಿ ಉಳಿದಿದ್ದರೆ ಬಿಚ್ಚುವ ಮಾತೇ ಇಲ್ಲ. ಆಗ ಮೇಲಿನಿಂದ ಕ್ಯಾಮೆರಾ ನೋಡುವ ಸ್ಕ್ಯಾನರ್ ಬೇಕು. ಪುಸ್ತಕವನ್ನು ಪೂರ್ತಿ ಬಿಡಿಸದೆ ಅರ್ಧ ತೆರೆದು, ಇಕ್ಕೆಲಕ್ಕೂ ಒತ್ತು ಕೊಟ್ಟು ಕೂರಿಸಿ, ಹಾಳೆ ಹಾಳೆಯಾಗಿ ಕೈಯಲ್ಲೇ ತಿರುವಬೇಕು. ಮೈಸೂರಿಗೆ ಈ ಎಚ್ಚರ ಹೊಸದೇನಲ್ಲ. 1891ರಲ್ಲಿ ಶುರುವಾದ ಪ್ರಾಚ್ಯ ಸಂಶೋಧನಾಲಯದಲ್ಲಿ ತಾಳೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಹದಮಾಡುತ್ತ ಬಂದವರು ಇದೇ ಊರಿನವರು. ಅಲ್ಲಿ ಸಿಕ್ಕ ಗರಿಗಳಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದದ್ದು.

ಸ್ಕ್ಯಾನರ್ ಹಾಳೆಯನ್ನು ಚುಕ್ಕಿಗಳಾಗಿ ಒಡೆಯುತ್ತದೆ. ಅಚ್ಚಿನ ಹಾಳೆಗೆ ಅಂಗುಲಕ್ಕೆ 300 ಚುಕ್ಕಿ ಎನ್ನುವುದು ರೂಢಿಯ ಅಳತೆ. ಆ ಲೆಕ್ಕದಲ್ಲಿ ಒಂದು ಎ4 ಹಾಳೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳಾಗುತ್ತದೆ. ಬೂದುಬಣ್ಣದಲ್ಲಿ ತೆಗೆದರೆ ಚುಕ್ಕಿಗೊಂದು ಬೈಟು. 300 ಪುಟದ ಮಹಾಪ್ರಬಂಧವೆಂದರೆ ಎರಡೂವರೆ ಗಿಗಾಬೈಟಿಗೂ ಮಿಕ್ಕ ಸರಕು. ಇದನ್ನು ಕುಗ್ಗಿಸದೆ ಮೂಲಪ್ರತಿಯಾಗಿ ಒಂದೆಡೆ ಇಟ್ಟು, ಓದುಗರಿಗೆ ಹಗುರವಾದ ಪಿಡಿಎಫ್ ಪ್ರತಿ ಬೇರೆ ಮಾಡುತ್ತಾರೆ. 2000ದ ಸುಮಾರಿನಲ್ಲಿ ಫೋನಿನ ತಂತಿಗೆ ಮೋಡೆಮ್ ಜೋಡಿಸಿಕೊಂಡು ಕೂತಿದ್ದ ತಾಲ್ಲೂಕು ಕಾಲೇಜುಗಳನ್ನು ನೆನೆದರೆ ಎರಡು ಪ್ರತಿಯ ಈ ಲೆಕ್ಕಾಚಾರ ಎಷ್ಟು ಮುಖ್ಯವಾಗಿತ್ತೆಂದು ತಿಳಿಯುತ್ತದೆ.

ಸ್ಕ್ಯಾನ್ ಆದ ಹಾಳೆಯಲ್ಲಿ ಕಾಗದದ ಕಲೆ, ಧೂಳು, ಹುಳು ತಿಂದ ಗುರುತು ಎಲ್ಲವೂ ಅಚ್ಚಾಗಿರುತ್ತದೆ. ಇದನ್ನು ತೊಳೆಯುವ ತಂತ್ರಾಂಶಗಳಿವೆ. ಒಂಟಿಯಾಗಿ ಬಿದ್ದ ಚಿಕ್ಕ ಕರಿಚುಕ್ಕಿಯನ್ನೆಲ್ಲ ಕೊಳೆ ಎಂದು ತಿಳಿದು ಅಳಿಸುತ್ತವೆ. ಇಂಗ್ಲಿಷ್ ಹಾಳೆಗೆ ಇದರಿಂದ ದೊಡ್ಡ ಅಪಾಯವಿಲ್ಲ. ಕನ್ನಡದ ಹಾಳೆಯ ಕತೆ ಬೇರೆ. ಠಕಾರದ ಹೊಟ್ಟೆಯೊಳಗೆ ಒಂದು ಚುಕ್ಕಿ ಇದೆ. ಅದು ಹೋದರೆ ಉಳಿಯುವುದು ರಕಾರ. ಹೀಗೆ ತೊಳೆದ ಹಾಳೆಯಲ್ಲಿ ‘ಮಠ’ ಇದ್ದದ್ದು ‘ಮರ’ ಆಗುತ್ತದೆ, ‘ಪಾಠ’ ಇದ್ದದ್ದು ‘ಪಾರ’ ಆಗುತ್ತದೆ. ಥಕಾರದ ಚುಕ್ಕಿ ಹೋದರೆ ಧಕಾರ, ಧಕಾರದ ಕೆಳಗಿನ ಸೀಳು ಹೋದರೆ ದಕಾರ. ಹಳೆಯ ಕನ್ನಡ ಬೆರಳಚ್ಚು ಯಂತ್ರದ ಹಾಳೆಯಾದರೆ ರಿಬ್ಬನ್ನಿನ ಮಸಿ ಇಳಿದು ಸೀಳು ಮೊದಲೇ ಮಾಸಿರುತ್ತದೆ. ಕೆಲಸ ಬಲ್ಲವರು ಅದಕ್ಕೇ ತೊಳೆಯುವ ಮಟ್ಟವನ್ನು ತೀರ ಕೆಳಗಿಟ್ಟು, ಕೊಳೆ ಸ್ವಲ್ಪ ಉಳಿದರೂ ಸರಿ ಎಂದು ಬಿಡುತ್ತಾರೆ. ಅಕ್ಷರ ಹೋಗುವುದಕ್ಕಿಂತ ಕೊಳೆ ಇರುವುದು ಮೇಲು.

ಇಲ್ಲಿಗೆ ಆದದ್ದು ಚಿತ್ರ ಮಾತ್ರ. ಕಣ್ಣಿಗೆ ಅದು ಬರಹ, ಗಣಕಕ್ಕೆ ಕರಿಬಿಳಿ ಚುಕ್ಕಿ. ಹುಡುಕಲು ಅಕ್ಷರ ಬೇಕು. ಕನ್ನಡದ ಮಟ್ಟಿಗೆ ನಿಜವಾದ ಪೇಚು ಶುರುವಾಗುವುದು ಇಲ್ಲಿ.

1990ರ ದಶಕದ ಕೊನೆಯ ಹೊತ್ತಿಗೆ ಕನ್ನಡದಲ್ಲಿ ಡಿಟಿಪಿ ಬೇಕಾದಷ್ಟು ನಡೆಯುತ್ತಿತ್ತು. ‘ಬರಹ’ ತಂತ್ರಾಂಶ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಮಹಾಪ್ರಬಂಧಗಳೂ ಬೆರಳಚ್ಚು ಯಂತ್ರ ಬಿಟ್ಟು ಡಿಟಿಪಿ ಅಂಗಡಿಗೆ ಹೋದವು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬರೆದು, ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದು ನೋಡಿ. ಕಾಣುವುದು ಏಳು ಗುರುತು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇಟ್ಟ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್ಸೆಟ್ ಎಂಬ ಅಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಆ ಓರೆಗೆರೆಯ ಎ ಎಂದರೆ ತಲೆಕಟ್ಟು. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಪೌಂಡು ಎಂದರೆ ನಕಾರ, ಎಸ್ಸೆಟ್ ಎಂದರೆ ಅದರ ಒತ್ತು. ಅಚ್ಚುಮೊಳೆ ಜೋಡಿಸುತ್ತಿದ್ದವರ ಬುದ್ಧಿವಂತಿಕೆಯೇ ಗಣಕದೊಳಕ್ಕೆ ಬಂದಿತ್ತು. ಕಾಗದದ ಮೇಲೆ ಮೂಡಿದಾಗ ಸೊಗಸಾದ ಕನ್ನಡ. ಹುಡುಕಲು ಹೋದರೆ ಏನೂ ಇಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ಗಣಕ ಇಂಗ್ಲಿಷ್ ಗುರುತುಗಳ ಎಣಿಕೆ ಹಿಡಿಯುತ್ತದೆ. ರಕಾರದಿಂದ ಶುರುವಾಗುವ ಹೆಸರುಗಳು ನಕಾರದವಕ್ಕಿಂತ ಮುಂದೆ ಬಂದು ನಿಲ್ಲುತ್ತವೆ.

ಕನ್ನಡ ಮಹಾಪ್ರಬಂಧಗಳ ಪಟ್ಟಿ ಮಾಡಲು ವಿದ್ಯಾನಿಧಿಯ ಮುಂದೆ ಮೂರು ದಾರಿ ಇದ್ದವು. ಶೀರ್ಷಿಕೆ, ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ಇಳಿಸಿ ಬರೆದುಬಿಡುವುದು ಮೊದಲನೆಯದು. ಗ್ರಂಥಾಲಯಗಳಲ್ಲಿ ಬಹುಕಾಲ ನಡೆದದ್ದು ಇದೇ, ಸುಲಭವೂ ಇದೇ. ಆಗಿನ ಫಾಂಟುಗಳಲ್ಲೊಂದನ್ನು ಹಿಡಿಯುವುದು ಎರಡನೆಯದು. ಮೂರನೆಯದು ಯೂನಿಕೋಡ್. ವಿದ್ಯಾನಿಧಿ ಮೂರನೆಯದನ್ನು ಹಿಡಿಯಿತು. ಕನ್ನಡ, ಹಿಂದಿ ಮಹಾಪ್ರಬಂಧಗಳ ವಿವರ ಅವುಗಳದೇ ಲಿಪಿಯಲ್ಲಿ ಕೋಶಕ್ಕೆ ಹೋಯಿತು.

ಇವತ್ತು ಮೊಬೈಲಿನಲ್ಲಿ ಕನ್ನಡ ಒತ್ತುವವರಿಗೆ ಇದರಲ್ಲಿ ಏನಿದೆ ಎನಿಸಬಹುದು. ಆಗಿನ ಸಂಗತಿ ಬೇರೆ. ವಿಂಡೋಸ್ 2000ದಲ್ಲಿ ಭಾರತದ ಲಿಪಿಗಳೆಂದರೆ ದೇವನಾಗರಿ, ತಮಿಳು ಎರಡೇ. ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಅಂದರೆ ಇನ್ನೂ ಸರಿಯಾಗಿ ಪರದೆಯ ಮೇಲೆ ಮೂಡದ ಲಿಪಿಯನ್ನು ನಂಬಿ ಅಡಿಪಾಯ ಹಾಕಿದಂತಾಯಿತು. ಇಥಿಯೋಪಿಯದ ಅಮ್ಹಾರಿಕ್ ಭಾಷೆಯವರದೂ ಇದೇ ಪಾಡು. ಅವರ ಲಿಪಿ ಯೂನಿಕೋಡಿಗೆ ಸೇರಿದ್ದು 1999ರಲ್ಲಿ.

ಯೂನಿಕೋಡಿನ ತತ್ತ್ವ ಸರಳ. ಅಕ್ಷರದ ಆಕಾರಕ್ಕೆ ಬದಲು ಅಕ್ಷರಕ್ಕೇ ಒಂದು ಅಂಕಿ. ಕನ್ನಡಕ್ಕೆ ಕೊಟ್ಟಿರುವ ಸ್ಥಾನ 3200ರಿಂದ 3327ರ ವರೆಗೆ, ಒಟ್ಟು 128 ಮನೆ. ಕಕಾರ 3221, ನಕಾರ 3240, ಸ್ವರ ಕಳೆಯುವ ಗುರುತು 3277, ಡಕಾರ 3233. ‘ಕನ್ನಡ’ ಎಂಬುದು ಗಣಕದೊಳಗೆ 3221, 3240, 3277, 3240, 3233 ಎಂಬ ಐದು ಅಂಕಿಗಳ ಸಾಲು. ಎರಡನೇ ನಕಾರವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ಫಾಂಟಿನದು. ಯಾವ ಫಾಂಟ್ ಹಾಕಿದರೂ, ಯಾವ ದೇಶದ ಗಣಕದಲ್ಲಿ ತೆರೆದರೂ ಅಂಕಿ ಅದೇ.

ಆದರೂ ಕೈಚಳಕ ಬೇಕು. ವರ್ಣಮಾಲೆಯಲ್ಲಿ ನಮ್ಮ ಳಕಾರ ಕೊನೆಯದು. ಯೂನಿಕೋಡಿನ ಮನೆಗಳಲ್ಲಿ ಅದು ಲಕಾರದ ಬೆನ್ನಿಗೇ ಕೂತಿದೆ. ಅಂಕಿ ನೋಡಿ ಜೋಡಿಸಿದರೆ ಕನ್ನಡಿಗರ ಅಕಾರಾದಿ ಬರುವುದಿಲ್ಲ, ಅದಕ್ಕೆ ಬೇರೆಯೇ ಒಂದು ವಿಂಗಡಣೆಯ ಸೂತ್ರ ಬರೆಯಬೇಕು. ಇನ್ನೊಂದು ಕಾಟ ಸೊನ್ನೆಯದು. ‘ಸಂಶೋಧನೆ’ಯ ಅನುಸ್ವಾರದ ಅಂಕಿ 3202. ಕನ್ನಡದ ಸೊನ್ನೆ ಎಂಬ ಸಂಖ್ಯೆಯದು 3302. ನೋಡಲು ಎರಡೂ ದುಂಡಗೇ. ಬೆರಳಚ್ಚು ಯಂತ್ರದ ಅಭ್ಯಾಸ ಇದ್ದವರು ಒಂದರ ಬದಲು ಇನ್ನೊಂದನ್ನು ಒತ್ತಿದರೆ ಓದುವವರಿಗೆ ಗೊತ್ತೇ ಆಗದು; ಹುಡುಕಿದವರಿಗೆ ಮಹಾಪ್ರಬಂಧ ಸಿಗುವುದೂ ಇಲ್ಲ. ದೀರ್ಘದ ಗುರುತಿನಲ್ಲೂ ಹೀಗೆಯೇ: ‘ಕೇ’ ಎಂಬುದನ್ನು ಒಂದೇ ಏತ್ವದ ಗುರುತಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘ ಸೇರಿಸಿಯೂ ಬರೆಯಬಹುದು. ಕಾಣುವುದು ಒಂದೇ, ಒಳಗಿನ ಅಂಕಿ ಬೇರೆ. ಕೋಶಕ್ಕೆ ಹೋಗುವ ಪ್ರತಿ ಸಾಲನ್ನೂ ಒಂದೇ ಬಗೆಗೆ ತಂದು ನಿಲ್ಲಿಸದಿದ್ದರೆ ಪಟ್ಟಿಯಲ್ಲಿ ತೂತು ಬೀಳುತ್ತದೆ.

ಈಗ ಈ ವಿದ್ಯೆಯ ತಿರುಳಿಗೆ ಬರೋಣ. ಹುಣಸೂರಿನ ಹರಾಜು ಮಾರುಕಟ್ಟೆಗೆ ಬಂದ ಹೊಗೆಸೊಪ್ಪಿನ ಪ್ರತಿ ಬೇಲ್ ಮೇಲೂ ಒಂದು ಚೀಟಿ ಇರುತ್ತದೆ. ಯಾರ ಬೆಳೆ, ತೂಕ ಎಷ್ಟು, ದರ್ಜೆ ಯಾವುದು ಎಂಬುದು ಅದರ ಮೇಲೆ. ಯಾವ ಬೇಲ್ ಯಾರದು, ಎಂಥದ್ದು ಎಂದು ತಿಳಿಯುವುದು ಚೀಟಿಯ ಬಲದಿಂದ. ಮಹಾಪ್ರಬಂಧಕ್ಕೂ ಅಂಥದ್ದೊಂದು ಚೀಟಿ ಬೇಕು. ಗ್ರಂಥಾಲಯದವರು ಅದನ್ನು ಮೆಟಾಡೇಟಾ ಎನ್ನುತ್ತಾರೆ. ಚೀಟಿಯಲ್ಲಿ ಏನೇನಿರಬೇಕೆಂದು ಜಗತ್ತಿನ ಗ್ರಂಥಪಾಲಕರು, ಗಣಕ ತಜ್ಞರು 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬಲ್ಲಿ ಕೂಡಿ ಚರ್ಚೆ ಶುರುಮಾಡಿದರು. ಅದರಿಂದ ಹುಟ್ಟಿದ ಹದಿನೈದು ಅಂಶಗಳ ಪಟ್ಟಿಗೆ ಡಬ್ಲಿನ್ ಕೋರ್ ಎಂದೇ ಹೆಸರಾಯಿತು. ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ಪ್ರಕಾಶಕ, ದಿನಾಂಕ, ಭಾಷೆ, ಹಕ್ಕು, ವ್ಯಾಪ್ತಿ ಅವುಗಳಲ್ಲಿ ಕೆಲವು. ಮಹಾಪ್ರಬಂಧವಾದ್ದರಿಂದ ಮಾರ್ಗದರ್ಶಕರ ಹೆಸರು, ಪದವಿ, ವಿಭಾಗವೂ ಸೇರಬೇಕು.

ಭರ್ತಿ ಮಾಡುವುದು ಫಾರಂ ತುಂಬಿದಷ್ಟು ಹಗುರ ಎಂದುಕೊಂಡರೆ ಮೊದಲ ಅಂಶದಲ್ಲೇ ನಿಲ್ಲಬೇಕಾಗುತ್ತದೆ. ಹುಣಸೂರು ಸೀಮೆಯ ಹೊಗೆಸೊಪ್ಪು ಬೆಳೆಗಾರರ ಮೇಲೆ ಕನ್ನಡದಲ್ಲಿ ಬರೆದ ಒಂದು ಮಹಾಪ್ರಬಂಧ ಎಂದಿಟ್ಟುಕೊಳ್ಳಿ. ಮುಖಪುಟದಲ್ಲಿ ಶೀರ್ಷಿಕೆ ಒಂದು ಥರ ಇರುತ್ತದೆ, ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಬೆನ್ನಿನ ಮೇಲೆ ಜಾಗ ಸಾಲದೆ ಕತ್ತರಿಸಿದ್ದು ಮೂರನೆಯದು. ಯಾವುದನ್ನು ಹಿಡಿಯಬೇಕೆಂದು ನಿಯಮ ಮಾಡಿಕೊಳ್ಳಬೇಕು. ಕರ್ತೃವಿನ ಹೆಸರು ಅದಕ್ಕಿಂತ ಕಷ್ಟ. ಪಟ್ಟಿಯ ಮೂಲ ವಿನ್ಯಾಸ ಕುಲನಾಮ ಮುಂದು, ಸ್ವಂತ ಹೆಸರು ಹಿಂದು ಎಂಬ ಲೆಕ್ಕದ್ದು. ಹಳೇ ಮೈಸೂರಿನವರಿಗೆ ಕುಲನಾಮ ಎಲ್ಲಿದೆ? ಇರುವುದು ಇನಿಷಿಯಲ್. ಹೆಸರಿನ ಮುಂದಿನ ‘ಎಚ್.’ ಹುಣಸೂರು ಇರಬಹುದು, ಹಾಸನ ಇರಬಹುದು, ಹೊಳೆನರಸೀಪುರ ಇರಬಹುದು. ಪಕ್ಕದ ಅಕ್ಷರ ತಂದೆಯ ಹೆಸರಿರಬಹುದು. ಅದನ್ನು ಕುಲನಾಮವೆಂದು ಮುಂದೆ ಹಾಕಿದರೆ ನೂರಾರು ಜನ ‘ಎಚ್’ ಎಂಬ ಒಂದೇ ವಂಶಕ್ಕೆ ಸೇರಿಹೋಗುತ್ತಾರೆ. ಹೀಗಾಗಿ ಸ್ವಂತ ಹೆಸರು ಮುಂದೆ, ಇನಿಷಿಯಲ್ ಹಿಂದೆ.

ಎಲ್ಲಕ್ಕಿಂತ ರುಚಿಯಾದ ಕೆಲಸ ಊರಿನ ಹೆಸರಿನದು. ‘ವ್ಯಾಪ್ತಿ’ ಎಂಬ ಅಂಶದಲ್ಲಿ ಅಧ್ಯಯನದ ಪ್ರದೇಶ ಬರೆಯಬೇಕು. ನಮ್ಮ ನಾಲ್ಕು ತಾಲ್ಲೂಕನ್ನೇ ತೆಗೆದುಕೊಳ್ಳಿ. ಒಬ್ಬರು ಪಿರಿಯಾಪಟ್ಟಣ ಎಂದು ಬರೆದರೆ ಇನ್ನೊಬ್ಬರು ಪೆರಿಯಾಪಟ್ಟಣ, ಮತ್ತೊಬ್ಬರು ಪಿರಿಯಾಪಟ್ನ. ಕೋಟೆಯವರು ಎಚ್.ಡಿ. ಕೋಟೆ, ಹೆಚ್.ಡಿ. ಕೋಟೆ, ಹೆಗ್ಗಡದೇವನಕೋಟೆ ಮೂರನ್ನೂ ಬಳಸುತ್ತಾರೆ. ಕೆ.ಆರ್. ನಗರ ಎಂದರೆ ಕೃಷ್ಣರಾಜನಗರ; ಆದರೆ ನೂರು ವರ್ಷ ಹಿಂದಿನ ದಾಖಲೆ ನೋಡುವ ಇತಿಹಾಸದ ವಿದ್ಯಾರ್ಥಿಗೆ ಅದು ಎಡತೊರೆ. ಕಾವೇರಿ ದಂಡೆಯ ಎಡತೊರೆಯಿಂದ ಊರು ಹೊಸ ಜಾಗಕ್ಕೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. ಬಿ.ಎಲ್. ರೈಸ್ ಅವರ 1897ರ ಗ್ಯಾಸೆಟಿಯರ್‌ನಲ್ಲಿ ಕೃಷ್ಣರಾಜನಗರ ಹುಡುಕಿದರೆ ಸಿಗದು. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದವು. ಹಳೆಯ ಮಹಾಪ್ರಬಂಧ ‘ಎಚ್.ಡಿ. ಕೋಟೆ ತಾಲ್ಲೂಕು’ ಎಂದು ಹೇಳುವ ಹಳ್ಳಿ ಇವತ್ತು ಸರಗೂರಿನದ್ದಿರಬಹುದು.

ಇದಕ್ಕೆ ಗ್ರಂಥಪಾಲಕರ ಬಳಿ ಹಳೆಯ ಮದ್ದು ಒಂದಿದೆ: ಪ್ರಮಾಣ ಕಡತ. ಊರಿಗೊಂದು ಅಧಿಕೃತ ರೂಪ ನಿಗದಿ ಮಾಡುವುದು. ಮಿಕ್ಕ ರೂಪಗಳನ್ನೆಲ್ಲ ಅದರ ಕೆಳಗೆ ‘ಇದಕ್ಕೆ ಅದನ್ನು ನೋಡಿ’ ಎಂದು ಕಟ್ಟುವುದು. ಎಡತೊರೆ ಎಂದು ಹುಡುಕಿದವನನ್ನೂ ಕೆ.ಆರ್. ನಗರ ಎಂದು ಹುಡುಕಿದವನನ್ನೂ ಒಂದೇ ಕಡೆ ತಂದು ಬಿಡುವ ವ್ಯವಸ್ಥೆ ಅದು. ಯಂತ್ರ ಇದನ್ನು ತಾನಾಗಿ ಮಾಡುವುದಿಲ್ಲ. ಎಡತೊರೆಯೇ ಮುಂದೆ ಕೆ.ಆರ್. ನಗರವಾಯಿತು ಎಂದು ಬಲ್ಲ ಮನುಷ್ಯರೊಬ್ಬರು ಕೂತು ಒಂದು ಸಲ ಬರೆದಿಡಬೇಕು. ಹಾಡಿ, ಬ್ಯಾರನ್ ಇಂಥ ವಿಷಯಪದಗಳಿಗೂ ಇದೇ ಉಪಚಾರ. ಸ್ಕ್ಯಾನ್ ಮಾಡುವುದನ್ನು ಯಾರಿಗಾದರೂ ವಾರದಲ್ಲಿ ಕಲಿಸಬಹುದು. ಚೀಟಿ ಬರೆಯಲು ಊರು ಗೊತ್ತಿರಬೇಕು, ವಿಷಯ ಗೊತ್ತಿರಬೇಕು, ಮುಂದೆ ಹುಡುಕಲಿರುವವರು ಯಾವ ಮಾತಿನಿಂದ ಹುಡುಕಿಯಾರು ಎಂಬ ಊಹೆಯೂ ಇರಬೇಕು. ಇಂಥ ಕೋಶಗಳಲ್ಲಿ ನಿಜವಾದ ಬೆಲೆ ಇರುವುದು ಈ ಹದಿನೈದು ಸಾಲಿನಲ್ಲಿ.

ಚೀಟಿ ಸಿದ್ಧವಾದ ಮೇಲೆ ಅದು ತಿರುಗಾಡಬೇಕು. 2001ರಲ್ಲಿ ಬಂದ ಒಂದು ಒಪ್ಪಂದ ಇದನ್ನು ಆಶ್ಚರ್ಯ ಹುಟ್ಟಿಸುವಷ್ಟು ಹಗುರ ಮಾಡಿತು. ಅದರ ಪ್ರಕಾರ ಒಂದು ಕೋಶ ಇನ್ನೊಂದನ್ನು ಕೇಳಬಹುದಾದ್ದು ಆರೇ ಪ್ರಶ್ನೆ: ನೀನು ಯಾರು, ಯಾವ ಬಗೆಯ ಚೀಟಿ ಇಟ್ಟಿದ್ದೀಯೆ, ಅವನ್ನು ಹೇಗೆ ಗುಂಪು ಮಾಡಿದ್ದೀಯೆ, ಗುರುತುಸಂಖ್ಯೆಗಳ ಪಟ್ಟಿ ಕೊಡು, ಚೀಟಿಗಳನ್ನೆಲ್ಲ ಕೊಡು, ಇಂಥ ಒಂದೇ ಚೀಟಿ ಕೊಡು. ಕಳೆದ ಸಲ ಕೇಳಿದ ದಿನದಿಂದ ಈಚಿನವನ್ನಷ್ಟೇ ಕೇಳುವ ಸೌಲಭ್ಯವೂ ಉಂಟು. ಮಹಾಪ್ರಬಂಧ ಮೈಸೂರಿನಲ್ಲೇ ಇರುತ್ತದೆ. ಚೀಟಿ ಮಾತ್ರ ಊರೂರು ಸುತ್ತುತ್ತದೆ. ವರ್ಜೀನಿಯಾದಲ್ಲಿ ಹುಡುಕಿದವರಿಗೂ ಅಕ್ರಾದಲ್ಲಿ ಹುಡುಕಿದವರಿಗೂ ಚೀಟಿ ಸಿಗುತ್ತದೆ, ಅದನ್ನು ಒತ್ತಿದರೆ ಮೂಲದ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಕಾಪಾಡುವ ಕೆಲಸ ಯಾರ ಕಣ್ಣಿಗೂ ಬೀಳದ್ದು. ಪ್ರತಿ ಕಡತದಿಂದಲೂ ಒಂದು ಗಣಿತದ ಸೂತ್ರ 64 ಅಂಕಿ-ಅಕ್ಷರಗಳ ಸಾಲೊಂದನ್ನು ಹುಟ್ಟಿಸುತ್ತದೆ. ಕಡತದ ಒಂದೇ ಒಂದು ಚುಕ್ಕಿ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಆಗಾಗ ಸೂತ್ರ ಓಡಿಸಿ ಹಳೆಯ ಸಾಲಿಗೆ ಹೋಲಿಸಿದರೆ ಯಾವ ಡಿಸ್ಕಿನಲ್ಲಿ ಯಾವ ಕಡತ ಕೆಡುತ್ತಿದೆ ಎಂದು ತಿಳಿಯುತ್ತದೆ. ಆಗ ಬೇರೆ ಕಡೆ ಇಟ್ಟ ಪ್ರತಿಯಿಂದ ಅದನ್ನು ಸರಿಪಡಿಸುತ್ತಾರೆ.

ಶಾಲಿನಿ ಅರಸ್ ಇದೇ ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ಮಾಹಿತಿ ನಿರ್ವಹಣಾ ಶಾಲೆಯನ್ನೂ ಕಟ್ಟಿ, ಅದರ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರಾದರು. ಗ್ರಂಥಾಲಯ ಶಾಸ್ತ್ರ, ಗಣಕ, ನಿರ್ವಹಣೆ ಮೂರನ್ನೂ ಒಂದೇ ಸೂರಿನಡಿ ಕಲಿಸುವುದು ಅದರ ಉದ್ದೇಶ. ಮುಂದೆ ಮೈಸೂರಿನಲ್ಲೇ ಮೈರಾ ಎಂಬ ವ್ಯವಹಾರ ಶಾಲೆಯ ಸ್ಥಾಪನೆಯಲ್ಲೂ ಮುಂದಾದರು. ಅವರ ವೃತ್ತಿಯ ಮೈಲಿಗಲ್ಲುಗಳಲ್ಲಿ ಈ ಸಂಸ್ಥೆಗಳೇ ಹೆಚ್ಚು ಎದ್ದು ಕಾಣುವುದು ಸಹಜ. ಆದರೂ ಯೂನಿಕೋಡಿನಲ್ಲಿ ಇನ್ನೂ ಸರಿಯಾಗಿ ಪರದೆಗೆ ಬಾರದಿದ್ದ ಲಿಪಿಯಲ್ಲಿ ಚೀಟಿ ಬರೆಯುತ್ತೇವೆಂದು 2000ದ ಆಸುಪಾಸಿನಲ್ಲಿ ಮಾಡಿದ ತೀರ್ಮಾನವೇ ದೊಡ್ಡದೆಂದು ಈ ಲೇಖಕನ ಎಣಿಕೆ.

ದೇಶದ ಮಟ್ಟದಲ್ಲಿ ಕೆಲಸ ಬೇರೆ ಕೈಗೆ ಹೋಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮ, ಪಿಎಚ್.ಡಿ. ಮಹಾಪ್ರಬಂಧದ ಗಣಕ ಪ್ರತಿಯನ್ನೂ ಒಪ್ಪಿಸಬೇಕೆಂದಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನೆಲ್ಲ ಶೋಧಗಂಗಾ ಎಂಬ ಕೋಶದಲ್ಲಿ ಇಡತೊಡಗಿತು. ಇವತ್ತು ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಸರಗೂರಿನ ಉಪನ್ಯಾಸಕರು ಈಗ ಬಸ್ಸು ಹತ್ತಬೇಕಿಲ್ಲ. ಅಲ್ಲಿ ಅಧ್ಯಾಯಕ್ಕೊಂದು ಬೇರೆ ಕಡತ ಇರುವುದರಿಂದ ಸಿಗ್ನಲ್ ಕಡಿಮೆ ಇರುವ ಕಾಡಂಚಿನಲ್ಲೂ ಬೇಕಾದ ಅಧ್ಯಾಯವೊಂದನ್ನೇ ಇಳಿಸಿಕೊಳ್ಳಬಹುದು.

ಉಳಿದಿರುವ ಕೆಲಸ ಕಡಿಮೆಯಲ್ಲ. ಹಳೆಯ ಫಾಂಟುಗಳಲ್ಲಿ ಬರೆದು ಪಿಡಿಎಫ್ ಮಾಡಿದ ಕನ್ನಡ ಮಹಾಪ್ರಬಂಧದ ಸಾಲನ್ನು ನಕಲು ಮಾಡಿದರೆ ಇವತ್ತಿಗೂ ಬರುವುದು ಆ ಪಿ, ಆ ಪೌಂಡು. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಸಾಲಿನ ನಡುವೆ ನಿಜವಾದ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡವೆಂದು ತಿಳಿದು ಗೋಜಲು ಮಾಡುತ್ತವೆ. ಕಂಪನಿಗಳ ಹೆಸರು, ತಳಿಗಳ ಹೆಸರು ತುಂಬಿದ ಹೊಗೆಸೊಪ್ಪಿನ ಕೋಷ್ಟಕಗಳಲ್ಲಿ ಇದು ಹೆಚ್ಚು. ಸ್ಕ್ಯಾನ್ ಆದ ಹಾಳೆಗಳನ್ನು ಓದಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕಟ್ಟಿದ ‘ಲಿಪಿ ಜ್ಞಾನಿ’ ಇದೆ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವೂ ಕನ್ನಡ ಓದುತ್ತದೆ. ಅಚ್ಚಿನ ಹಾಳೆ ಚೆನ್ನಾಗಿದ್ದರೆ ಎರಡರಿಂದಲೂ ಒಳ್ಳೆಯ ಫಲ. ಬೆರಳಚ್ಚಿನ ಹಾಳೆಯಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರೆ ಯಾವ ಒತ್ತು ಯಾವ ಸಾಲಿನದೆಂದು ಯಂತ್ರ ತಡವರಿಸುತ್ತದೆ. ಆಗ ಮೂಲದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಸಾಲು ಸಾಲಾಗಿ ತಿದ್ದುತ್ತಾರೆ, ಇನ್ನೊಬ್ಬರು ಅದನ್ನು ಮತ್ತೆ ಓದಿ ನೋಡುತ್ತಾರೆ.